ಮಾತಿಗೆ ಹೇಳಿದ್ದಾ, ನಿಜವಾ?

ಮಾತು ಕಲಿಸುವ ಕೆಲಸ ಎಂದರೆ ಜನ ಶಾಲೆ ಮೇಡಂ ಎಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಎಂದರೆ ನರ್ಸು ಎಂದುಕೊಳ್ಳುತ್ತಾರೆ. ಎರಡೂ ಅಲ್ಲ ಎಂದು ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದವರಿಗೆ, ಅಥವಾ ಮಾತು ಇದ್ದೂ ಎಡವಟ್ಟಾದವರಿಗೆ, ಮತ್ತೆ ನಾಲ್ಕು ಜನರ ಜೊತೆ ಮಾತಾಡುವ ಹಾಗೆ ಮಾಡುವುದು ನನ್ನ ಉದ್ಯೋಗವಾಗಿತ್ತು. ಮೈಸೂರಿನ ಒಂದು ಆಸ್ಪತ್ರೆಯ ವಾಕ್ ಚಿಕಿತ್ಸೆಯ ವಿಭಾಗಕ್ಕೆ ತೊಂಬತ್ತರ ದಶಕದ ಮೊದಲಲ್ಲಿ ಸೇರಿದವಳು ಅಲ್ಲೇ ನಿವೃತ್ತಳಾದೆ. ಈಗ ರಾಮಕೃಷ್ಣನಗರದ ಮನೆಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಇಲ್ಲ. ಅವು ಬಂದಾಗ ಬಂದವು, ಬರದಿದ್ದಾಗ ನಾನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ, ಅಷ್ಟೆ.

ನಾನು ಇಲವಾಲದ ಪಕ್ಕದ ಹಳ್ಳಿಯ ಒಕ್ಕಲು ಮನೆಯವಳು. ನಮ್ಮವ್ವ ಗಾದೆ ಸೇರಿಸದೆ ಒಂದು ಲೋಟ ನೀರನ್ನೂ ಕೇಳಿದವಳಲ್ಲ. ಕೆಲಸ ಸಿಕ್ಕಿತು ಎಂದು ಹೇಳಲು ಹೋದಾಗ ರಾಗಿ ಕೇರುತ್ತಾ ಕೂತಿದ್ದಳು. ಏನು ಕೆಲಸ ಎಂದಳು. ಮಾತು ಕಲಿಸೋ ಕೆಲಸ ಎಂದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ದಿನಾ ನನ್ ತಾವ ಜಗಳ ಆಡ್ತೀಯಲ್ಲ, ನೀನ್ ಯಾರಿಗವ್ವ ಮಾತು ಕಲಿಸೋದು?’ ಎಂದು ಮೊರದ ರಾಗಿಯನ್ನು ಇನ್ನೊಮ್ಮೆ ಕೇರಿದಳು. ಇಂಥ ಮನೆಯಲ್ಲಿ ಬೆಳೆದವಳಿಗೆ ಗಾದೆ ಎಂಬುದು ಮಾತಿನ ಮೇಲಿನ ಒಗ್ಗರಣೆ ಎಂದು ಅನ್ನಿಸಿಯೇ ಇರಲಿಲ್ಲ. ಮಾತು ಎಂದರೇ ಅದು ಎಂದುಕೊಂಡಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ, ಆ ಕನ್ನಡಕದ ಮೇಲಿನಿಂದ ಒಂದು ನೋಟ. ಆ ನೋಟ ಬಿತ್ತೆಂದರೆ ಕೈಲಿದ್ದ ಪೆನ್ನು ತಾನಾಗಿ ನಿಲ್ಲುತ್ತಿತ್ತು. ನಾನು ಸೇರಿದಾಗ ಬೀರುವಿನಲ್ಲಿ ಒಂದು ಕಟ್ಟು ಕಾರ್ಡುಗಳಿದ್ದವು. ಯಾವ ಕಾಲದಲ್ಲೋ ಯಾರೋ ಇಂಗ್ಲಿಷಿನಿಂದ ತಂದು ಕನ್ನಡಕ್ಕೆ ಇಳಿಸಿದ ಗಾದೆಗಳು. ಒಂದೊಂದಾಗಿ ಓದಿ ಹೇಳಬೇಕು, ರೋಗಿ ಅದರ ಅರ್ಥ ಹೇಳಬೇಕು. ಹೇಳದಿದ್ದರೆ ಸೊನ್ನೆ. ಸೊನ್ನೆ ಹೆಚ್ಚಾದರೆ ಮಿದುಳಿಗೆ ಏಟು ಬಿದ್ದಿದೆ ಎಂದು ಲೆಕ್ಕ.

ಒಮ್ಮೆ ನಮ್ಮ ಕಡೆಯವರೇ ಒಬ್ಬ ರೈತರು ಬಂದಿದ್ದರು. ನಾಲಿಗೆ ಸ್ವಲ್ಪ ತೊದಲುತ್ತಿತ್ತು, ಕಣ್ಣು ಮಾತ್ರ ಬಲು ಚುರುಕು. ‘ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ’ ಎಂದು ಕಾರ್ಡು ಓದಿದೆ. ಅವರು ಬಹಳ ಹೊತ್ತು ಯೋಚಿಸಿ, ಕಟ್ಟದೆ ಇರೋದೇ ಒಳ್ಳೇದಲ್ವ ತಾಯಿ, ಕಟ್ಟಿದ್ರೆ ಕಾಲು ಜಾರ್ತದೆ ಎಂದರು. ಕಾರ್ಡಿನ ಹಿಂದೆ ಬರೆದಿದ್ದ ಉತ್ತರ ಅದಲ್ಲ, ಸದಾ ಅಲೆಯುವವನಿಗೆ ಏನೂ ಕೂಡಿಬರುವುದಿಲ್ಲ ಎಂದಿತ್ತು. ಸೊನ್ನೆ ಹಾಕಿದೆ. ಸಂಜೆ ಬಸ್ಸಿನಲ್ಲಿ ಕೂತಾಗ ಅವರ ಉತ್ತರವೇ ಸರಿ ಎನ್ನಿಸತೊಡಗಿತು. ಮಾರನೆಯ ದಿನ ಹೆದರಿಕೊಂಡೇ ದೊಡ್ಡ ಮೇಡಂಗೆ ಹೇಳಿದೆ. ಅವರು ಆ ಕಟ್ಟನ್ನು ತೆಗೆದುಕೊಂಡು ಹೊರಗೆ ಹೋದರು. ಬಾಗಿಲ ಬಳಿ ಕೂತಿದ್ದ ಜವಾನರನ್ನು, ಕ್ಯಾಂಟೀನಿನವರನ್ನು, ಆಯಾಳನ್ನು ನಿಲ್ಲಿಸಿ ಒಂದೊಂದು ಕಾರ್ಡು ಕೇಳಿದರು. ಇಡೀ ಆಸ್ಪತ್ರೆಗೆ ಮಿದುಳಿನ ಕಾಯಿಲೆ ಎಂದು ಸಾಬೀತಾಯಿತು. ವಾಪಸು ಬಂದು, ‘ಇಷ್ಟು ದಿನ ನಾವು ಕಾಯಿಲೆ ಅಳೀತಿರ್ಲಿಲ್ಲ ಕಣಮ್ಮ, ಇಂಗ್ಲಿಷ್ ಅಳೀತಿದ್ವಿ’ ಎಂದರು. ಹೊಸ ಕಾರ್ಡು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ಭಾನುವಾರ ಊರಿಗೆ ಹೋಗಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವ್ವನಿಂದ ಗಾದೆಗಳನ್ನು ಹೇಳಿಸಿಕೊಂಡೆ. ಅದರಲ್ಲಿ ಅರ್ಧ ದೊಡ್ಡ ಮೇಡಂ ಮುಂದೆ ಓದುವ ಹಾಗಿರಲಿಲ್ಲ.

ಹೊಸ ಕಾರ್ಡುಗಳು ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡೆ. ಆಗ ರಾಜೀವನಗರದಿಂದ ಫಾತಿಮಾಬಿ ಬಂದರು. ಪಾರ್ಶ್ವವಾಯುವಿನಿಂದ ಕಳೆದುಹೋದ ಮಾತು ಒಂದೊಂದಾಗಿ ವಾಪಸು ಬರುತ್ತಿತ್ತು. ಜೊತೆಗೆ ಸೊಸೆ ಬಂದಿದ್ದಳು. ನಾನು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಓದಿದೆ. ಫಾತಿಮಾಬಿ ತಮ್ಮ ಕಾಲನ್ನು ನೋಡಿಕೊಂಡರು. ಬೈಸಿಕೊಂಡವರ ಹಾಗೆ ಎರಡೂ ಪಾದಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸೇರಿಸಿಕೊಂಡರು. ನಾನು ‘ಗಾದೆಗಳು ಅರ್ಥವಾಗುವುದಿಲ್ಲ’ ಎಂದು ವರದಿ ಬರೆದು ದೊಡ್ಡ ಮೇಡಂ ಮುಂದಿಟ್ಟೆ.

ಅವರು ಓದಿ, ಈಕೆಯ ಮನೆಮಾತು ಯಾವುದು ಎಂದು ಕೇಳಿದರು. ಉರ್ದು ಎಂದೆ. ಕನ್ನಡ ಎಷ್ಟು ಬರುತ್ತಿತ್ತು ಎಂದರು. ಸೊಪ್ಪು ತರಕಾರಿ ಕೊಳ್ಳುವಷ್ಟು ಎಂದು ಸೊಸೆ ಹೇಳಿದ್ದು ನೆನಪಾಯಿತು. ಕನ್ನಡಕದ ಮೇಲಿನಿಂದ ಆ ನೋಟ ಬಿತ್ತು.

‘ಆಕೆಗೆ ಅರ್ಥ ಆಗಲ್ಲ ಅಂತ ಬರೀಬೇಡ. ನಿನಗೆ ಉರ್ದು ಬರಲ್ಲ ಅಂತ ಬರಿ.’

ಹಾಗೇ ಬರೆದೆ. ಮುಂದಿನ ಸಲ ಸೊಸೆಯನ್ನು ಕೂರಿಸಿಕೊಂಡು ಅದೇ ಗಾದೆ ಉರ್ದುವಿನಲ್ಲಿ ಇದೆಯೇ ಎಂದು ಕೇಳಿದೆ. ಇದೆಯಂತೆ, ಆದರೆ ಅಲ್ಲಿ ಹಾಸಿಗೆಯ ಬದಲು ಹೊದಿಕೆ. ಅವಳು ಅದನ್ನು ಹೇಳಿದ ಕೂಡಲೇ ಫಾತಿಮಾಬಿ ನೆಟ್ಟಗಿದ್ದ ಅರ್ಧ ಮುಖದಲ್ಲೇ ನಕ್ಕು, ಬೆರಳೆತ್ತಿ ಸೊಸೆಯ ಹೊಸ ಸೀರೆಯನ್ನು ತೋರಿಸಿದರು. ಸೊಸೆ ಮುಖ ಕೆಂಪಗೆ ಮಾಡಿಕೊಂಡಳು. ಅರ್ಥವಾಗುವುದು ಎಂದರೆ ಅದು. ಆವತ್ತು ನನಗಾದ ಸಂತೋಷಕ್ಕೆ ಆ ಅತ್ತೆ ಸೊಸೆ ಇಬ್ಬರಿಗೂ ಕ್ಯಾಂಟೀನಿನ ಟೀ ಕುಡಿಸಿದೆ.

ಅಲ್ಲಿಂದ ಮುಂದೆ ಬೇರೆ ಮನೆಮಾತಿನವರು ಕನ್ನಡದ ನುಡಿಗಟ್ಟುಗಳನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಗಮನಿಸುವುದು ನನಗೊಂದು ಚಾಳಿಯಾಯಿತು. ತಮಿಳು ಮನೆಯವರು, ತೆಲುಗಿನವರು, ಮಾರವಾಡಿ ಅಂಗಡಿಯವರು. ಕಾಯಿಲೆಯವರ ಜೊತೆ ಬಂದ ಗಟ್ಟಿಮುಟ್ಟಾದವರನ್ನೂ ಬಿಡುತ್ತಿರಲಿಲ್ಲ. ನಾವು, ಕನ್ನಡವನ್ನು ಮೊಲೆಹಾಲಿನ ಜೊತೆ ಕುಡಿದವರು, ‘ಅವನು ನನ್ನ ತಲೆ ತಿಂದ’ ಎಂದಾಗ ತಲೆಯನ್ನೂ ಕಾಣುವುದಿಲ್ಲ, ತಿನ್ನುವುದನ್ನೂ ಕಾಣುವುದಿಲ್ಲ. ನೇರವಾಗಿ ಕಾಟ ಕೊಟ್ಟ ಎಂದಷ್ಟೇ ಕೇಳಿಸುತ್ತದೆ. ಹೊರಗಿನಿಂದ ಬಂದವರಿಗೆ ಮೊದಲು ತಲೆ ಕಾಣುತ್ತದೆ. ಆಮೇಲೆ ಇದು ಸಾಧ್ಯವಿಲ್ಲವಲ್ಲ ಎನ್ನಿಸುತ್ತದೆ. ಅದಾದ ಮೇಲೆ ದಾರಿ ಹುಡುಕುತ್ತಾರೆ. ಸ್ವಂತ ಮನೆಯಲ್ಲಿ ಓಡಾಡುವವರಿಗೆ ಹೊಸಿಲು ಕಾಣುವುದಿಲ್ಲ, ನೆಂಟರ ಮನೆಗೆ ಹೋದವರು ನೋಡಿಕೊಂಡು ದಾಟುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಇದರಿಂದ ಯಾರಿಗಾದರೂ ಉಪಯೋಗವಾದೀತು ಎಂದು ಮಾತ್ರ ಹೊಳೆದಿರಲಿಲ್ಲ. ಅದಕ್ಕೆ ಮಹದೇವಪ್ಪನವರು ಬರಬೇಕಾಯಿತು.

ಅವರು ಬಂದದ್ದು ಎರಡು ಸಾವಿರದ ಇಸವಿಯ ಆಚೆಗೆ. ನನ್ನ ಮೇಜಿನ ಮೇಲಿದ್ದ ಟೇಪ್ ರೆಕಾರ್ಡರ್ ಹೋಗಿ ಕಂಪ್ಯೂಟರ್ ಬಂದಿತ್ತು, ಅದಕ್ಕೊಂದು ಕುಸುರಿ ಬಟ್ಟೆಯನ್ನೂ ಹೊದಿಸಿದ್ದೆವು. ಮಹದೇವಪ್ಪನವರದು ಸಂತೆಪೇಟೆಯಲ್ಲಿ ಅಪ್ಪನ ಕಾಲದ ದಿನಸಿ ಅಂಗಡಿ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ದೊಡ್ಡ ಆಳು. ಪಾರ್ಶ್ವವಾಯುವಿನಿಂದ ಬಲಭಾಗದ ಮಿದುಳಿಗೆ ಪೆಟ್ಟಾಗಿ ಎಡಗೈ ಸೋತಿತ್ತು. ಜೊತೆಯಲ್ಲಿ ತಮ್ಮ ಗುರುಸ್ವಾಮಿ, ಹೆಂಡತಿ ಸುಶೀಲಾಬಾಯಿ. ಸುಶೀಲಾಬಾಯಿ ಲಾತೂರಿನ ಕಡೆಯವರು, ಮನೆಮಾತು ಮರಾಠಿ. ಮಠದ ಸ್ವಾಮಿಗಳ ಕಡೆಯಿಂದ ಕೂಡಿಬಂದ ಸಂಬಂಧವಂತೆ. ಆಕೆ ಬೆಂಚಿನ ತುದಿಯಲ್ಲಿ ಕೂತರು, ಮಾತೆಲ್ಲ ಗುರುಸ್ವಾಮಿಯದೇ.

‘ಮಾತು ಚೆನ್ನಾಗೇ ಐತೆ ಮೇಡಂ,’ ಎಂದರು ಗುರುಸ್ವಾಮಿ. ‘ಆದ್ರೆ ಮಾತಾಡ್ತಿರೋನು ನಮ್ಮಣ್ಣ ಅಲ್ಲ.’

ನಡೆದದ್ದು ಹೀಗೆ. ಮಹದೇವಪ್ಪ ಪೇಟೆಯಲ್ಲೇ ಹೆಸರಾದ ಮಾತುಗಾರ. ಅವರ ಚಟಾಕಿ ಕೇಳಲೆಂದೇ ಜನ ಎರಡು ಅಂಗಡಿ ದಾಟಿ ಬರುತ್ತಿದ್ದರು. ಕಾಯಿಲೆಯಿಂದ ಎದ್ದ ಮೇಲೆ ನೆಂಟರೊಬ್ಬರು ನೋಡಲು ಬಂದು, ನಿನ್ನ ಸುದ್ದಿ ಕೇಳಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು ಎಂದರು. ಮಹದೇವಪ್ಪ ಒಳಕ್ಕೆ ಕೂಗಿ, ಬೇಗ ನೀರು ತನ್ನಿ ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಮ್ಮ ಹಳೇ ಮಹದೇವಪ್ಪ ವಾಪಸು ಬಂದ ಎಂದು. ಆದರೆ ಅವರು ನಗುತ್ತಿರಲಿಲ್ಲ. ನೀರು ಬರುವ ಬಾಗಿಲನ್ನೇ ನೋಡುತ್ತಿದ್ದರು. ಇನ್ನೊಂದು ದಿನ ಅಂಗಡಿಯಲ್ಲಿ ಗುರುಸ್ವಾಮಿ, ವ್ಯಾಪಾರವೇ ಇಲ್ಲ, ಬೆಳಗಿನಿಂದ ನೊಣ ಹೊಡೀತಾ ಕೂತಿದೀವಿ ಎಂದರು. ಮಹದೇವಪ್ಪ ಎದ್ದು, ಬರುವ ಒಂದೇ ಕೈಯಲ್ಲಿ ಒದ್ದೆ ಬಟ್ಟೆ ಹಿಂಡಿ ತಂದು, ಬೆಲ್ಲದ ಅಚ್ಚುಗಳ ಮೇಲೆಲ್ಲ ಹೊದಿಸಿದರು. ಆಮೇಲೆ ನಾನು ಯೋಚಿಸಿದ್ದುಂಟು, ಅವರ ತಪ್ಪುಗಳೆಲ್ಲ ಉಪಕಾರ ಮಾಡಲು ಹೋಗಿ ಆದವು. ನಮ್ಮ ಆಯಾ ಒಂದು ದಿನ, ಏನ್ ಜನ ಬತ್ತಾರಪ್ಪ, ಉಸಿರಾಡೋಕೂ ಬುಡ್ತಿಲ್ಲ ಎಂದು ಗೊಣಗಿದಾಗ, ಕಾರಿಡಾರಿನಲ್ಲಿ ಕೂತಿದ್ದ ಈ ಮನುಷ್ಯ ಎದ್ದು ಹೋಗಿ ಅವಳಿಗಾಗಿ ಕಿಟಕಿ ತೆರೆದರು.

ಆದರೆ ಒಂದು ಮಾತು ಮಾತ್ರ ಮನೆಯನ್ನೇ ಅಲ್ಲಾಡಿಸಿತು. ಸಗಟು ವ್ಯಾಪಾರಿಯೊಬ್ಬನ ಜೊತೆ ಇನ್ನು ವ್ಯವಹಾರ ಬೇಡ ಎಂದು ತೀರ್ಮಾನಿಸಿ ಗುರುಸ್ವಾಮಿ ಯಾರಿಗೋ ಫೋನಿನಲ್ಲಿ, ಅವನಿಗೆ ಎಳ್ಳುನೀರು ಬಿಟ್ಟಾಯ್ತು ಎಂದರು. ಎಳ್ಳುನೀರು ಬಿಡುವುದು ಸತ್ತವರಿಗೆ ಮಾಡುವ ಕರ್ಮ. ಲಿಂಗಾಯತರ ಮನೆಗಳಲ್ಲಿ ಅದಿಲ್ಲ, ಅವರದು ಸಮಾಧಿ, ಗದ್ದುಗೆ, ವಿಭೂತಿ. ಹಾಗಿದ್ದರೂ ಸಂಬಂಧ ಕಡಿದುಕೊಂಡೆವು, ಕೈ ತೊಳೆದುಕೊಂಡೆವು ಎನ್ನುವುದಕ್ಕೆ ಊರಿಗೆ ಊರೇ ಆ ಮಾತು ಆಡುತ್ತದೆ, ಅವರೂ ಆಡುತ್ತಾರೆ. ಮಹದೇವಪ್ಪನವರಿಗೆ ಎಳ್ಳು, ನೀರು ಅಷ್ಟೇ ಕೇಳಿಸಿತು. ಗಿರಾಕಿಗಳ ಎದುರಿಗೆ ತಮ್ಮನ ರಟ್ಟೆ ಹಿಡಿದು, ‘ಲಿಂಗ ಕಟ್ಟಿದ ಮನೇಲಿ ಹುಟ್ಟಿ ಎಳ್ಳುನೀರು ಬಿಟ್ಯೇನೋ? ಯಾರು ಸತ್ರು? ನನಗ್ಯಾಕೆ ಹೇಳ್ಲಿಲ್ಲ?’ ಎಂದು ಅತ್ತರಂತೆ. ಗುರುಸ್ವಾಮಿ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದು ಅಂಗಡಿ ಅರ್ಧ ದಿನಕ್ಕೇ ಬಾಗಿಲು ಹಾಕಿತು.

ಅಲ್ಲಿಗೆ ಮನೆಯ ಹಿರಿಯರು ಕೂತು ಮಾತಾಡಿದರು. ಮಹದೇವಪ್ಪನಿಗೆ ತಲೆ ನೆಟ್ಟಗಿಲ್ಲ, ಅಂಗಡಿಗೆ ಬೇಡ, ಊರಿನ ಮಠದಲ್ಲಿ ಇರಿಸೋಣ. ಅಲ್ಲಿ ಊಟಕ್ಕೆ ಕೊರತೆಯಿಲ್ಲ, ನೋಡಿಕೊಳ್ಳಲು ಜನರಿದ್ದಾರೆ, ನೆಮ್ಮದಿಯಾಗಿರುತ್ತಾನೆ. ದೀಪಾವಳಿಯ ಅಂಗಡಿ ಪೂಜೆ ಕಳೆಯಲಿ, ಆಮೇಲೆ ಕಳಿಸೋಣ ಎಂದು ಮಾತಾಗಿತ್ತು. ಕೆಟ್ಟವರಲ್ಲ ಅವರು. ಇದನ್ನು ಹೇಳುವಾಗ ಗುರುಸ್ವಾಮಿಯ ಕಣ್ಣಲ್ಲಿ ನೀರಿತ್ತು. ಸುಶೀಲಾಬಾಯಿ ಮಾತ್ರ ಬೆಂಚಿನ ತುದಿಯಿಂದ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಎದ್ದು ಹೋಗುವಾಗ ಒಂದೇ ಮಾತು ಹೇಳಿದರು: ‘ಇವರು ನನ್ನ ಜೊತೆಯಲ್ಲಿ ಇರಬೇಕು. ಇವರು ಅಂಗಡಿಯಲ್ಲಿ ಕುಳಿತುಕೊಳ್ಳಬೇಕು. ನೀವು ಸಹಾಯ ಮಾಡುತ್ತೀರಾ?’

ಮಾಡುತ್ತೇನೆ ಎಂದುಬಿಟ್ಟೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮಹದೇವಪ್ಪನವರಿಗೆ ಗಾದೆ, ನುಡಿಗಟ್ಟುಗಳನ್ನು ಮತ್ತೆ ಕಲಿಸತೊಡಗಿದೆ. ಶ್ರದ್ಧೆಯ ವಿದ್ಯಾರ್ಥಿ. ಕಾರ್ಡು ತೋರಿಸಿದರೆ ಅರ್ಥವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಅದೇ ಮಾತು ಬಾಗಿಲ ಹೊರಗೆ ಬೇರೆ ಬಾಯಿಂದ ಬಂದರೆ ಮತ್ತೆ ಮೊದಲಿನ ಕಥೆ. ನಾನು ಕಲಿಸಿದ್ದು ಹತ್ತಾದರೆ ಪೇಟೆಯಲ್ಲಿ ಆಡುವುದು ಸಾವಿರ. ದಸರಾ ಹತ್ತಿರ ಬಂತು. ನನ್ನ ಕೈಕಾಲು ಆಡಲಿಲ್ಲ. ದೊಡ್ಡ ಮೇಡಂ ಒಂದು ದಿನ ಬಂದು ಹಿಂದೆ ನಿಂತು ನೋಡಿ, ನೀನು ಅವರಿಗೆ ಗಾದೆ ತುಂಬಿಸ್ತಾ ಇದೀಯ, ಅವರು ಯಾರ ಹತ್ತಿರ ಚೆನ್ನಾಗಿ ಮಾತಾಡ್ತಾರೆ ಅಂತ ನೋಡಿದೀಯಾ ಎಂದು ಕೇಳಿ ಹೋದರು.

ನೋಡಿರಲಿಲ್ಲ. ಆವತ್ತು ಪಾಠ ಮುಗಿದ ಮೇಲೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಗಂಡ ಹೆಂಡತಿ ಕಾರಿಡಾರಿನ ಬೆಂಚಿನಲ್ಲಿ ಆಟೋ ಕಾಯುತ್ತಾ ಮಾತಾಡುತ್ತಿದ್ದರು. ಗುರುಸ್ವಾಮಿ ಯಾಕೆ ಬರಲಿಲ್ಲ ಎಂದು ಅವರು ಕೇಳಿದರು. ಗುರುಸ್ವಾಮಿಗೆ ಬೇಸರವಾಗಿದೆ, ನಿಮ್ಮ ಮೇಲೆ ಅಲ್ಲ, ನಿಮ್ಮ ಕಾಯಿಲೆಯ ಮೇಲೆ ಎಂದರು ಆಕೆ. ಅವರು ಸ್ವಲ್ಪ ಯೋಚಿಸಿ, ಪಾಪ, ಒಬ್ಬನೇ ಅಂಗಡಿ ನೋಡ್ಕೋಬೇಕಲ್ಲ, ಮಧ್ಯಾಹ್ನ ಊಟ ಕಳಿಸಿದ್ಯಾ ಎಂದು ಕೇಳಿದರು. ಅಲ್ಲೊಬ್ಬ ಕಾಯಿಲೆಯ ಮನುಷ್ಯ ಕೂತಿದ್ದಾರೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಆಕೆಯ ಕನ್ನಡದಲ್ಲಿ ಒಂದೇ ಒಂದು ನುಡಿಗಟ್ಟು ಇರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗೆ ಒಂದೊಂದು ಪದವೂ ಶುಭ್ರವಾಗಿತ್ತು.

ನಾನೂ ಹಾಗೆ ಮಾತಾಡಿ ನೋಡೋಣ ಎಂದುಕೊಂಡೆ. ಆಗಲಿಲ್ಲ. ಬಾಯಿ ತೆರೆದರೆ ತಲೆ, ಹೊಟ್ಟೆ, ಕೈ, ಕಾಲು. ನನಗೆ ದುಃಖವಾಯಿತು ಎಂದು ಹೇಳಬೇಕಾದರೂ ಕರುಳನ್ನು ಎಳೆದು ತರುತ್ತಿದ್ದೆ. ಇದನ್ನು ನೀವೂ ಮಾಡಿ ನೋಡಿ, ಒಂದು ಗಂಟೆ ನುಡಿಗಟ್ಟಿಲ್ಲದೆ ಕನ್ನಡ ಆಡಿ. ಮನೆಯವರು ನಿಮಗೆ ಜ್ವರ ಬಂದಿದೆ ಎಂದುಕೊಳ್ಳುತ್ತಾರೆ.

ಮುಂದಿನ ಸಲ ಸುಶೀಲಾಬಾಯಿಯನ್ನು ಒಳಗೆ ಕೂರಿಸಿ, ನೀವು ಹೀಗೆ ಮಾತಾಡಲು ಯಾವಾಗ ಕಲಿತಿರಿ ಎಂದು ಕೇಳಿದೆ. ಆಕೆಗೆ ನಾಚಿಕೆಯಾಯಿತು. ನನಗೆ ಇಷ್ಟೇ ಬರುವುದು, ಎಲ್ಲರೂ ನಗುತ್ತಾರೆ ಎಂದರು. ಆಮೇಲೆ ಮದುವೆಯಾಗಿ ಬಂದ ಹೊಸತರ ಕಥೆ ಹೇಳಿದರು. ಆ ಮನೆಯಲ್ಲಿ ಧಾನ್ಯ ಮುಗಿದರೆ ‘ಇಲ್ಲ’ ಎನ್ನುವ ಹಾಗಿಲ್ಲ, ಅಪಶಕುನ. ‘ತುಂಬಿದೆ’ ಎನ್ನಬೇಕು. ನಮ್ಮ ಕಡೆ ಹಲವು ಮನೆಗಳಲ್ಲಿ ಈ ಪದ್ಧತಿ ಇದೆ, ಅಂಗಡಿಯವರಲ್ಲಿ ಇನ್ನೂ ಹೆಚ್ಚು. ಅತ್ತೆ ಒಂದು ಬೆಳಿಗ್ಗೆ, ಅಕ್ಕಿ ತುಂಬೈತೆ ಕಣಮ್ಮ ಎಂದರು. ಹೊಸ ಸೊಸೆ ಹೋಗಿ ಡಬ್ಬ ತೆರೆದರೆ ತಳ ಕಾಣುತ್ತಿದೆ. ತುಂಬಿದ ಡಬ್ಬ ಬೇರೆಲ್ಲೋ ಇರಬೇಕು ಎಂದು ಅಟ್ಟ, ಉಗ್ರಾಣ, ಹಿತ್ತಲು ಎಲ್ಲ ಹುಡುಕಿದರು. ಕೇಳಲು ಹೆದರಿಕೆ. ಒಲೆಯ ಮೇಲೆ ಎಸರು ಕುದಿದು ಬತ್ತಿತು. ಮಹದೇವಪ್ಪ ಈ ಕಥೆಯನ್ನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ನಗಿಸಿದ್ದರಂತೆ.

‘ಮೊನ್ನೆ ಅಂಗಡಿಯಲ್ಲಿ ತೊಗರಿಬೇಳೆ ತುಂಬಿದೆ ಎಂದು ಗುರುಸ್ವಾಮಿ ಹೇಳಿದರು. ಇವರು ಹೋಗಿ ಖಾಲಿ ಚೀಲದೊಳಗೆ ಕೈ ಹಾಕಿ ನಿಂತಿದ್ದರು,’ ಎಂದರು ಸುಶೀಲಾಬಾಯಿ. ‘ಮದುವೆಯಾಗಿ ಬಂದಾಗ ನಾನು ಹೇಗಿದ್ದೆನೋ ಈಗ ಇವರು ಹಾಗಿದ್ದಾರೆ ಮೇಡಂ. ಆಗ ನನಗೆ ಯಾರೂ ಇರಲಿಲ್ಲ. ಇವರಿಗೆ ನಾನು ಇದ್ದೇನೆ.’

ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಆ ಮೇಲೆ ಕೇಳಬೇಕಾದ್ದನ್ನು ಕೇಳಿದೆ. ಆಗ ನೀವು ಏನು ಮಾಡುತ್ತಿದ್ದಿರಿ, ಹೇಗೆ ದಾಟಿಕೊಂಡಿರಿ? ಆಕೆ ಯೋಚಿಸಿ ಹೇಳಿದ್ದು ಬಹಳ ಸರಳ. ನಿಜವಾಗಿ ನಡೆಯಲಾರದಂಥ ಮಾತು ಕಿವಿಗೆ ಬಿದ್ದರೆ ಕೂಡಲೇ ಏನೂ ಮಾಡುವುದಿಲ್ಲ, ನಿಲ್ಲುವುದು. ನಿಂತು, ನಂಬುಗೆಯವರೊಬ್ಬರನ್ನು ಕೇಳುವುದು. ಮೊದಮೊದಲು ಪಕ್ಕದ ಮನೆಯ ಮುದುಕಿಯೊಬ್ಬರನ್ನು ಕೇಳುತ್ತಿದ್ದರಂತೆ, ಅಜ್ಜಿ, ಇದು ಮಾತಿಗೆ ಹೇಳಿದ್ದಾ, ನಿಜವಾ ಎಂದು.

ಅಂದಿನಿಂದ ಕಾರ್ಡುಗಳನ್ನು ಬೀರುವಿಗೆ ಹಾಕಿದೆ. ಮಹದೇವಪ್ಪನವರಿಗೆ ಹಳೆಯ ಕನ್ನಡವನ್ನು ವಾಪಸು ಕೊಡುವುದು ನನ್ನಿಂದಾಗುವ ಕೆಲಸವಲ್ಲ. ತಮ್ಮ ತಾಯಿನುಡಿಯಲ್ಲೇ ಅವರು ಹೊರಗಿನಿಂದ ಬಂದವರಾಗಿದ್ದರು. ಹೊರಗಿನಿಂದ ಬಂದವರು ಬದುಕುವುದಿಲ್ಲವೇ? ಬದುಕುತ್ತಾರೆ, ಸಂಸಾರ ಮಾಡುತ್ತಾರೆ, ಮಕ್ಕಳನ್ನು ಸಾಕುತ್ತಾರೆ. ಆ ಬದುಕುವ ಬಗೆಯನ್ನು ಕಲಿಸಿದರೆ ಸಾಕು. ಅದನ್ನು ಕಲಿಸುವವರೂ ಅವರ ಮನೆಯಲ್ಲೇ ಇದ್ದರು. ನಾವು ಮೂವರು ಕೂತು ಅದೊಂದೇ ಅಭ್ಯಾಸ ಮಾಡಿದೆವು. ನಾನು ಏನಾದರೊಂದು ಮಾತು ಆಡುವುದು, ಅವರು ಏಳಲು ಹೊರಟವರು ತಡೆದು ಕೂತು, ಮಾತಿಗೆ ಹೇಳಿದ್ದಾ ಎಂದು ಕೇಳುವುದು. ಮೊದಮೊದಲು ಸುಶೀಲಾಬಾಯಿ ಅವರ ಮೊಣಕೈ ಮುಟ್ಟಬೇಕಾಗಿತ್ತು. ಬರುಬರುತ್ತಾ ಮುಟ್ಟುವುದು ಕಡಿಮೆಯಾಯಿತು. ಅವ್ವನ ಗಾದೆಗಳ ಭಂಡಾರವೆಲ್ಲ ಆಗ ಕೆಲಸಕ್ಕೆ ಬಂತು.

ಇನ್ನು ಉಳಿದದ್ದು ಅಂಗಡಿ. ನಮ್ಮ ಕಾಲದಲ್ಲಿ ರೋಗಿ ನಮ್ಮ ಕೋಣೆಗೆ ಬರಬೇಕು, ನಾವು ಹೊಸಿಲು ದಾಟುವ ಹಾಗಿರಲಿಲ್ಲ. ದೊಡ್ಡ ಮೇಡಂ ಹೋಗು ಎಂದರು, ಅವರೇನು ಈ ಕೋಣೆಯಲ್ಲಿ ವಾಸ ಮಾಡ್ತಾರಾ ಎಂದರು. ಸಂತೆಪೇಟೆಗೆ ಹೋದೆ. ಮೆಣಸಿನಕಾಯಿ ಚೀಲಗಳ ನಡುವೆ ಒಂದೇ ಸಮನೆ ಸೀನುತ್ತಾ ಗುರುಸ್ವಾಮಿಗೆ ಎಲ್ಲ ವಿವರಿಸಿದೆ. ಅಣ್ಣ ಬೆಳಗಿನ ಹೊತ್ತು ಗಲ್ಲಾ ಹತ್ತಿರ ಕೂರಲಿ. ಅವರು ‘ಮಾತಿಗೆ ಹೇಳಿದ್ದಾ’ ಎಂದು ಕೇಳಿದರೆ ಯಾರೂ ನಗಬಾರದು, ಬಿಡಿಸಿ ಹೇಳಬೇಕು. ಮತ್ತೆ, ಪಕ್ಕದಲ್ಲಿ ಸುಶೀಲಾಬಾಯಿ ಕೂರಬೇಕು.

ಆ ಮನೆಯ ಹೆಂಗಸರು ಅಂಗಡಿಯ ಮುಂಭಾಗಕ್ಕೆ ಬಂದು ಕೂತದ್ದಿಲ್ಲ. ಅದೇ ದೊಡ್ಡ ಅಡ್ಡಿ ಎಂದುಕೊಂಡಿದ್ದೆ. ಗುರುಸ್ವಾಮಿಯ ಅಡ್ಡಿ ಅದಾಗಿರಲಿಲ್ಲ. ತಕ್ಕಡಿಯ ಸರಪಳಿಯ ಸಿಕ್ಕು ಬಿಡಿಸುತ್ತಾ ಹೇಳಿದರು: ‘ಅಣ್ಣನ ತಾವ ತಮಾಷೆ ಮಾಡ್ದೆ ಎಂಗೆ ಮಾತಾಡ್ಲಿ ಮೇಡಂ? ಹುಟ್ಟಿದಾಗ್ಲಿಂದ ನಾವಿಬ್ರೂ ಅಂಗೇ ಮಾತಾಡಿರೋದು. ಬೇರೆ ತರ ನಂಗೆ ಬರಾಕಿಲ್ಲ.’

ಎಲ್ಲರೂ ಮಹದೇವಪ್ಪ ಕಳೆದುಕೊಂಡದ್ದನ್ನೇ ಲೆಕ್ಕ ಹಾಕುತ್ತಿದ್ದೆವು, ತಮ್ಮ ಏನು ಕಳೆದುಕೊಂಡ ಎಂದು ಯಾರೂ ಕೇಳಿರಲಿಲ್ಲ. ನಾನು ಎದ್ದು ಬಂದೆ. ಆಗುವುದಿಲ್ಲ ಎಂದೇ ಎಣಿಸಿದ್ದೆ. ಎರಡು ದಿನ ಬಿಟ್ಟು ಸುಶೀಲಾಬಾಯಿ ಫೋನು ಮಾಡಿ, ಗುರುಸ್ವಾಮಿ ತಾವೇ ಒಂದು ಸ್ಟೂಲು ತಂದು ಗಲ್ಲಾ ಪಕ್ಕದಲ್ಲಿ ಹಾಕಿ, ಕೂತ್ಕೊಳ್ಳಿ ಅತ್ತಿಗೆ ಎಂದರು ಎಂದು ತಿಳಿಸಿದರು.

ದೀಪಾವಳಿಯ ಅಂಗಡಿ ಪೂಜೆಗೆ ನನ್ನನ್ನೂ ಕರೆದಿದ್ದರು. ಚೆಂಡುಹೂವಿನ ಹಾರ, ತಕ್ಕಡಿಗೆ ವಿಭೂತಿ, ಹೊಸದಾಗಿ ಬಳಿದ ಗೋಡೆ. ಮಠಕ್ಕೆ ಕಳಿಸುವ ಮಾತಾಡಿದ್ದ ಹಿರಿಯರೂ ಬಂದು ಸಾಲಾಗಿ ಕೂತಿದ್ದರು. ಮಹದೇವಪ್ಪ ಪೂಜೆ ಮುಗಿಸಿ ಗಾದಿಯ ಮೇಲೆ ಕೂತರು. ಪಕ್ಕದ ಸ್ಟೂಲಿನ ಮೇಲೆ ಸುಶೀಲಾಬಾಯಿ. ಮೊದಲ ಗಿರಾಕಿಗೆ ಬೆಲ್ಲ ತೂಗಬೇಕು. ಗುರುಸ್ವಾಮಿ ಸಡಗರದಲ್ಲಿ ಮರೆತು, ‘ಅಣ್ಣ, ಇವತ್ತು ನಿನ್ ಕೈಗುಣ ತೋರ್ಸು’ ಎಂದುಬಿಟ್ಟರು.

ಮಹದೇವಪ್ಪ ಕೈ ಎತ್ತಿದರು. ಅದನ್ನು ತಮ್ಮನ ಕಡೆ ಚಾಚಲು ಹೊರಟವರು ಅಲ್ಲೇ ತಡೆದರು. ಸುಶೀಲಾಬಾಯಿಯ ಕೈ ಅವರ ಮೊಣಕೈಯ ಹತ್ತಿರ ಬಂದು, ಮುಟ್ಟದೆ, ಹಾಗೇ ನಿಂತಿತು.

‘ಮಾತಿಗೆ ಹೇಳಿದ್ದಾ, ನಿಜವಾ?’ ಎಂದು ಕೇಳಿದರು ಮಹದೇವಪ್ಪ.

‘ಮಾತಿಗೆ ಹೇಳ್ದೆ ಕಣಣ್ಣ,’ ಎಂದರು ಗುರುಸ್ವಾಮಿ.

‘ಅಂಗಾದ್ರೆ ಏನು ಅಂತ ಹೇಳು.’

ಗುರುಸ್ವಾಮಿ ತಕ್ಕಡಿ ನೋಡಿದರು, ಹಿರಿಯರನ್ನು ನೋಡಿದರು. ಜನ್ಮದಲ್ಲಿ ಆಡದ ಮಾತನ್ನು ಆಡಬೇಕಾಗಿತ್ತು ಆ ಮನುಷ್ಯ. ‘ನೀನು ಮೊದ್ಲು ತೂಗಿ ಕೊಟ್ರೆ ವ್ಯಾಪಾರ ಚೆನ್ನಾಗಾಗ್ತದೆ ಅಂತ ನಂಗೆ ನಂಬಿಕೆ ಅಣ್ಣ. ನೀನಿಲ್ದೆ ಈ ಅಂಗಡೀಲಿ ಕೂರೋಕೆ ನಂಗೆ ಇಷ್ಟ ಇಲ್ಲ,’ ಎಂದರು. ಮಹದೇವಪ್ಪ ತಲೆಯಾಡಿಸಿ ಬೆಲ್ಲ ತೂಗಿದರು, ಒಂದು ಚೂರು ಹೆಚ್ಚಿಗೆ ಹಾಕಿ ಕೊಟ್ಟರು. ಹಿರಿಯರಲ್ಲಿ ಒಬ್ಬರು ಶಲ್ಯದಿಂದ ಕಣ್ಣೊರೆಸಿಕೊಂಡರು. ಮಠದ ಮಾತನ್ನು ಅಂದೂ ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಪ್ರಸಾದ ಹಂಚುವಾಗ ಸುಶೀಲಾಬಾಯಿ ಒಳಗೆ ಹೋಗಲೆಂದು ಸ್ಟೂಲಿನಿಂದ ಎದ್ದರು. ಮಹದೇವಪ್ಪ ಅವರ ಸೆರಗು ಹಿಡಿದರು, ಅಷ್ಟೂ ಜನರ ಎದುರಿಗೆ.

‘ಹೋಗಬೇಡ, ಕೂತ್ಕೋ. ನೀನು ಪಕ್ಕದಲ್ಲಿದ್ರೆ ನನಗೆ ಭಯ ಆಗಲ್ಲ. ನೀನಂದ್ರೆ ನನಗೆ ಇಷ್ಟ.’

ಹುಡುಗರೂ ಆಡಲು ನಾಚುವ ಮಾತನ್ನು, ಬೆಲ್ಲದ ಧಾರಣೆ ಹೇಳುವ ದನಿಯಲ್ಲಿ ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದರು. ಸುಶೀಲಾಬಾಯಿ ಕೂತರು. ನಾನು ಸಾಂತ್ವನ ಹೇಳುವ ಅಭ್ಯಾಸಬಲದಿಂದ ಪಕ್ಕಕ್ಕೆ ಬಗ್ಗಿ, ಏನೋ ಹೇಳಲು ಹೊರಟೆ. ಆಕೆ ನನ್ನ ಕೈ ಒತ್ತಿದರು.

‘ಮದುವೆಯಾದಾಗಿನಿಂದ ಇವರು ನನ್ನ ಹತ್ತಿರ ಗಾದೆಯಲ್ಲೇ ಮಾತನಾಡಿದರು ಮೇಡಂ. ಪ್ರೀತಿಯಾ, ಹಾಸ್ಯವಾ ಎಂದು ನನಗೆ ಯಾವತ್ತೂ ತಿಳಿಯಲಿಲ್ಲ,’ ಎಂದರು. ‘ಇದೊಂದನ್ನು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ.’